ನನಗಾದ ಮೋಸವನ್ನು ಮುಂದಿನವರಿಗೆ ದಾಟಿಸಬಹುದೇ?



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ನಮ್ಮ ಮನೆಯ ಮುಂದೆ ಒಂದೂವರೆ ವರ್ಷ ನಿಂತಿದ್ದ ಕಾರಿನ ವಿಷಯ ತೆಗೆದುಕೊಂಡಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ದಿಲ್ಲಿಯ ಹಳೆಯ ಕಾರುಗಳು ನಮ್ಮ ಕಡೆ ಬರುವುದು ನಿಮಗೆ ಗೊತ್ತೇ ಇದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸೀಮೆಯಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪೆಟ್ರೋಲ್ ಗಾಡಿಗೆ 15 ವರ್ಷದ ಮಿತಿಯಿತ್ತು. ಹೀಗಾಗಿ ಒಂಬತ್ತು ವರ್ಷದ ಡೀಸೆಲ್ ಕಾರಿಗೆ ಆಗ ಅಲ್ಲಿ ಬೆಲೆಯಿರಲಿಲ್ಲ, ಇಲ್ಲಿ ಬೇಡಿಕೆಯಿತ್ತು. ದಿಲ್ಲಿ ಆರ್‌ಟಿಓದಿಂದ ಎನ್‌ಓಸಿ ತಂದು, ಬೈಲಹೊಂಗಲದಲ್ಲಿ ಉಳಿದ ವರ್ಷಗಳ ರಸ್ತೆ ತೆರಿಗೆ ಕಟ್ಟಿದರೆ ಕೆಎ 24 ನಂಬರು ಸಿಗುತ್ತದೆ.

ನಾನೂ ಹಾಗೇ ತರಿಸಿದೆ. ಅವ್ವನ ಹೃದಯದ ತಪಾಸಣೆಗೆ ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಬೇಕಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವಳಿಗೆ ಉಸಿರು ಕಟ್ಟುತ್ತಿತ್ತು. ಫೋಟೋ ನೋಡಿ, ವಿಡಿಯೋ ಕಾಲ್‌ನಲ್ಲಿ ಇಂಜಿನ್ ಸದ್ದು ಕೇಳಿ, ಏಜೆಂಟನ ಮಾತು ನಂಬಿ 2,85,000 ರೂಪಾಯಿ ಕೊಟ್ಟೆ. ಮೀಟರು 62,000 ಕಿಲೋಮೀಟರು ತೋರಿಸುತ್ತಿತ್ತು. ಕಾರುಗಳನ್ನು ಹೊತ್ತು ತರುವ ಉದ್ದನೆಯ ಟ್ರಕ್ಕು ರಾಷ್ಟ್ರೀಯ ಹೆದ್ದಾರಿ 48ರಲ್ಲಿ 1,700ಕ್ಕೂ ಹೆಚ್ಚು ಕಿಲೋಮೀಟರು ಬಂದು ಅದನ್ನು ಕಿತ್ತೂರಿನಲ್ಲಿ ಇಳಿಸಿತು.

ಆ ಟ್ರಕ್ಕು ಕರಾಡ ದಾಟಿಯೇ ಬಂದಿರಬೇಕು. ಕರಾಡದ ಹತ್ತಿರವೇ ಮಸೂರು ಸ್ಟೇಶನ್ನು. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನು ನೋಡಲು ಹೊರಟು ಇಳಿದದ್ದು ಅಲ್ಲಿ. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಆ ಮಕ್ಕಳನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುತ್ತೇನೆ ಎಂಬ ಕರಾರಿನ ಮೇಲೆ. ಅವ್ವ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕುಳಿತ ದಿನ ನನಗೆ ಆ ಚಕ್ಕಡಿ ನೆನಪಾಯಿತು. ನಮ್ಮವರಿಗೆ ಗಾಡಿ ಎಂದರೆ ಬರೀ ಗಾಡಿಯಲ್ಲ.

ಓಣಿಯವರು ಗಾಲಿಯ ಕೆಳಗೆ ಲಿಂಬಿಹಣ್ಣು ಇಡಲು ಹೇಳಿದರು. ನಾವು ಇಡಲಿಲ್ಲ. ತ್ರಿಶರಣ, ಪಂಚಶೀಲ ಹೇಳಿ ಹೊರಟೆವು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಾಲ್ಕು ತಿಂಗಳಿಗೆ ಕ್ಲಚ್ಚು ಹೋಯಿತು. ಬೈಲಹೊಂಗಲದ ಮೇಸ್ತ್ರಿ ಪೆಡಲಿನ ರಬ್ಬರು ತೋರಿಸಿ, “ಸರ್, ಅರವತ್ತು ಸಾವಿರ ಓಡಿದ ಗಾಡಿದು ಹಿಂಗ ಸವೆಯಂಗಿಲ್ರಿ” ಎಂದ. ಸರ್ವಿಸ್ ದಾಖಲೆ ತೆಗೆಸಿದೆ. ಎರಡು ವರ್ಷದ ಹಿಂದೆಯೇ ಅದು 1,47,000 ಕಿಲೋಮೀಟರು ಓಡಿತ್ತು. ಮೀಟರು ಹಿಂದಕ್ಕೆ ತಿರುಗಿಸಿದ್ದರು. ಏಜೆಂಟ್ ಫೋನು ಎತ್ತಲಿಲ್ಲ. ಇಲ್ಲಿಯವರೆಗೆ ತಪ್ಪು ಅವನದು. ನನ್ನ ಪರೀಕ್ಷೆ ಇನ್ನೂ ಮುಂದಿತ್ತು.

ಹೋದ ವರ್ಷ ಅವ್ವ ತೀರಿಕೊಂಡಳು. ಮಗಳ ಕಾಲೇಜಿನ ಫೀ ಕಟ್ಟಬೇಕಾಗಿತ್ತು. ಕಾರು ಮಾರಲು ನಿಂತೆ. ರಾಮದುರ್ಗದ ಒಬ್ಬ ಅತಿಥಿ ಶಿಕ್ಷಕ ಬಂದ. ನಮ್ಮವನೇ. ಮೀಟರು ನೋಡಿ ಖುಷಿಪಟ್ಟ. “ಸರ್, ನೀವು ಧಮ್ಮದಾಗ ಅದೀರಿ. ನಿಮ್ಮ ಗಾಡಿ ಅಂದ್ರ ಮತ್ತೊಬ್ಬರಿಗೆ ತೋರಸೂದ ಬ್ಯಾಡ್ರಿ” ಎಂದ.

ನಾನು ಸುಮ್ಮನಿದ್ದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಭಾನುವಾರ ಮುಂಗಡ ಹಣ ತರುತ್ತೇನೆಂದು ಹೇಳಿ ಅವನು ಹೋದ.

ಹೆಂಡತಿಯ ತಮ್ಮ ಹೇಳಿದ: “ಮಾಮಾ, ಮೀಟರ್ ತಿರುವಿದವರು ನೀವಲ್ಲ. ನಿಮಗ ಯಾರರೆ ಹೇಳಿದ್ರೇನು? ನೀವ್ಯಾಕ ಹೇಳ್ತೀರಿ?” ಆ ಮಾತಿನಲ್ಲಿ ತೂಕವಿತ್ತು. ನನ್ನ ಹಣ ಹೋಗಿದೆ. ಅದನ್ನು ಮರಳಿ ಪಡೆಯುವುದು ತಪ್ಪೇ? ಮೂರು ರಾತ್ರಿ ಇದೇ ವಿಚಾರ.

ಆಗ ನೆನಪಾದದ್ದು ಬುದ್ಧರು ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಉಪದೇಶ. ಕನ್ನಡಿ ಇರುವುದು ಯಾತಕ್ಕೆ ಎಂದು ಅವರು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಅದು ನಿನಗೆ, ಇತರರಿಗೆ, ಇಬ್ಬರಿಗೂ ನೋವು ತರುತ್ತದೆಯೇ ಎಂದು ಕೇಳಿಕೋ ಎನ್ನುತ್ತಾರೆ ಬುದ್ಧರು. ಈ ಉಪದೇಶವನ್ನು ಭಿಕ್ಖುಗಳಷ್ಟೇ ಅಲ್ಲ, ಉಪಾಸಕ ಉಪಾಸಿಕೆಯರೂ ಕೇಳಿ ಮನನ ಮಾಡಬೇಕೆಂದು ಸಾಮ್ರಾಟ ಅಶೋಕ ಬೈರಾಟದ ಶಾಸನದಲ್ಲಿ ಬರೆಸಿದ್ದಾನೆ. ಆ ಬೈರಾಟವೂ ದಿಲ್ಲಿಯಿಂದ ಜೈಪುರಕ್ಕೆ ಬರುವ ಇದೇ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ.

ಗಮನಿಸಿ: ‘ಇದನ್ನು ಮೊದಲು ಮಾಡಿದವರು ಯಾರು’ ಎಂಬ ಪ್ರಶ್ನೆ ಅಲ್ಲಿ ಇಲ್ಲ. ಈಗ ನನ್ನ ಕೈಯಿಂದ ಆಗುವ ಕೆಲಸ ಯಾರನ್ನು ನೋಯಿಸುತ್ತದೆ ಎಂಬುದಷ್ಟೇ ಪ್ರಶ್ನೆ. ಮೀಟರು ತಿರುಗಿಸಿದವನು ನಾನಲ್ಲ, ನಿಜ. ಆದರೆ ಆ ಹುಡುಗ ಮೀಟರನ್ನು ನಂಬಿರಲಿಲ್ಲ, ನನ್ನನ್ನು ನಂಬಿದ್ದ. ನನ್ನ ಮೌನದ ಅರ್ಥ ಅವನಿಗೆ ‘ಹೌದು’ ಎಂದೇ ಆಗಿತ್ತು. ಅದು ಮುಸಾವಾದವೇ.

ಇನ್ನೊಂದು ವಿಚಾರ ನನ್ನನ್ನು ಹೆಚ್ಚು ಕಾಡಿತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆಯ ಬಗ್ಗೆ ಹೇಳಿದ್ದು ನಮಗೆಲ್ಲ ಬಾಯಿಪಾಠ. ಮೇಲಿನವನಿಂದ ಅವಮಾನ ಉಂಡವನು ಮೇಲೆ ನೋಡಿ ಪ್ರಶ್ನಿಸುವುದಿಲ್ಲ, ತನಗಿಂತ ಕೆಳಗಿನವನನ್ನು ಹುಡುಕುತ್ತಾನೆ. ಅದರಿಂದಲೇ ಈ ಏಣಿ ಸಾವಿರಾರು ವರ್ಷ ಬೀಳದೆ ನಿಂತಿದೆ. ನನ್ನ ಕಾರೂ ಅಂಥದೇ ಏಣಿ ಇಳಿಯುತ್ತಿತ್ತು. ಏಜೆಂಟನ ಮೋಸ ಕಾಯಂ ನೌಕರಿಯ ನನ್ನ ಕೈಗೆ ಬಂತು. ಈಗ ಅದು ನನಗಿಂತ ಕಡಿಮೆ ಸಂಬಳದ, ರಜೆಯಲ್ಲಿ ಸಂಬಳವೇ ಇಲ್ಲದ ಹುಡುಗನ ಮನೆಗೆ ಹೊರಟಿತ್ತು. ‘ನನಗೆ ಮಾಡಿದರು, ನಾನೂ ಮಾಡುತ್ತೇನೆ’ ಎಂಬುದು ನಾವು ಬಿಟ್ಟು ಬಂದ ಮನೆಯ ನ್ಯಾಯ.

ಶನಿವಾರ ಸಂಜೆ ಅವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. “ಅವತ್ತ ಹೇಳಬಹುದಾಗಿತ್ತಲ್ರಿ ಸರ್” ಎಂದ. ಆ ಮಾತು ಇನ್ನೂ ಚುಚ್ಚುತ್ತದೆ. ಅವನು ಕಾರು ಕೊಳ್ಳಲಿಲ್ಲ. ಎರಡು ತಿಂಗಳ ನಂತರ ಸವದತ್ತಿಯ ಒಬ್ಬರಿಗೆ ಸರ್ವಿಸ್ ದಾಖಲೆಯ ಪ್ರತಿ ಕೊಟ್ಟು, ಮೀಟರು ನಿಜವಲ್ಲವೆಂದು ಮಾರಾಟದ ಕಾಗದದಲ್ಲಿ ಬರೆದು ಮಾರಿದೆ. ಹುಡುಗ ಕೊಡಲು ಒಪ್ಪಿದ್ದಕ್ಕಿಂತ 60,000 ರೂಪಾಯಿ ಕಡಿಮೆ ಬಂತು. ಮಗಳ ಫೀಗೆ ಸೊಸೈಟಿಯಲ್ಲಿ ಸಾಲ ತೆಗೆದೆ, ಇನ್ನೂ ತೀರಿಲ್ಲ. ಸತ್ಯ ಹೇಳಿದರೆ ಲಾಭವಾಗುತ್ತದೆ ಎಂದು ನಾನು ಹೇಳಲಾರೆ.

ಒಂದು ಪ್ರಶ್ನೆ ಹಾಗೇ ಉಳಿದಿದೆ. ದಿಲ್ಲಿಯ ಮಕ್ಕಳ ಎದೆಗೆ ಬೇಡವಾದ ಹೊಗೆಯನ್ನು ನಾನು ಅಗ್ಗಕ್ಕೆ ತಂದು ಬೈಲಹೊಂಗಲದ ಮಕ್ಕಳ ಎದೆಗೆ ಬಿಟ್ಟೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ವಿಷದ ವ್ಯಾಪಾರವೂ ಒಂದು. ನಾನು ವ್ಯಾಪಾರಿಯಲ್ಲ, ಅವ್ವನಿಗಾಗಿ ತಂದೆ, ಆ ಕಾರಿನಿಂದ ಅವಳಿಗೆ ನೆಮ್ಮದಿ ಸಿಕ್ಕಿತು. ಆದರೂ ಹೊಗೆ ಹೊಗೆಯೇ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ವೃತ್ತದಲ್ಲಿ ನಿಮ್ಮ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ನೀವು ಹಳೆಯ ಗಾಡಿ ತರಿಸುವುದಾದರೆ ಅವಸರ ಬೇಡ. ಎಂಪರಿವಾಹನದಲ್ಲಿ ಎಷ್ಟನೇ ಮಾಲೀಕ, ಸಾಲ ಬಾಕಿ ಇದೆಯೇ ನೋಡಿ. ಸರ್ವಿಸ್ ದಾಖಲೆ ಕೇಳಿ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ, ವರ್ಷ ಹೇಳುತ್ತವೆ. ಪೆಡಲು, ಸ್ಟೇರಿಂಗು ಎಷ್ಟು ಸವೆದಿವೆ ನೋಡಿ.

ಮಾಡಿದ ತಪ್ಪನ್ನು ಗುರುವಿನ ಮುಂದೆ ಅಥವಾ ಸಹಸಾಧಕರ ಮುಂದೆ ಹೇಳಿಕೊಂಡು, ಮುಂದೆ ಎಚ್ಚರದಿಂದ ಇರಬೇಕೆಂದು ಬುದ್ಧರು ರಾಹುಲನಿಗೆ ಹೇಳಿದರು. ಆ ನಾಲ್ಕು ದಿನದ ನನ್ನ ಮೌನವನ್ನು ಇಂದು ನಿಮ್ಮ ಮುಂದೆ ಹೇಳಿಕೊಂಡಿದ್ದೇನೆ.

ಇಂದು ಒಂದು ಕ್ಷಣ ಕುಳಿತು ಯೋಚಿಸೋಣ: ಯಾರೋ ನನಗೆ ಕೊಟ್ಟ ಯಾವ ನೋವನ್ನು ನಾನು ಇನ್ನೊಬ್ಬರಿಗೆ ದಾಟಿಸುತ್ತಿದ್ದೇನೆ? ಮನೆಯಲ್ಲಿ, ಶಾಲೆಯಲ್ಲಿ, ವ್ಯವಹಾರದಲ್ಲಿ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.