ಶಬ್ದಪ್ರಸಾದ

ವೀರಶೈವ ಸಿದ್ಧಾಂತದಲ್ಲಿ ಪ್ರಸಾದವೆಂದರೆ ಎಡೆಯ ಅನ್ನವೊಂದೇ ಅಲ್ಲ. ಪಂಚೇಂದ್ರಿಯಗಳಿಗೆ ಗೋಚರಿಸುವ ವಿಷಯಗಳೆಲ್ಲವೂ ಲಿಂಗಾರ್ಪಿತವಾದ ಬಳಿಕವೇ ಭಕ್ತನಿಗೆ ಸಲ್ಲತಕ್ಕವು. ಷಟ್‌ಸ್ಥಲಕ್ರಮದಲ್ಲಿ ನಾಸಿಕದ ಗಂಧವು ಆಚಾರಲಿಂಗಕ್ಕೆ, ಜಿಹ್ವೆಯ ರಸವು ಗುರುಲಿಂಗಕ್ಕೆ, ನೇತ್ರದ ರೂಪವು ಶಿವಲಿಂಗಕ್ಕೆ, ತ್ವಕ್ಕಿನ ಸ್ಪರ್ಶವು ಜಂಗಮಲಿಂಗಕ್ಕೆ, ಶ್ರೋತ್ರದ ಶಬ್ದವು ಪ್ರಸಾದಲಿಂಗಕ್ಕೆ ಅರ್ಪಿತ. ಕಿವಿಗೆ ಬಿದ್ದ ಮಾತು ಪ್ರಸಾದಲಿಂಗಕ್ಕೆ ಸಲ್ಲುವುದೆಂಬುದು ಚಿಂತನೀಯವಾದ ವಿಷಯ. ಪ್ರಸಾದವು ಹಂಚಿಕೊಳ್ಳತಕ್ಕದ್ದು, ಆದರೆ ಅರ್ಪಿಸದುದು ಪ್ರಸಾದವೇ ಅಲ್ಲ.

ಇಂದು ವಿದ್ಯಾರ್ಥಿಯ ಅಂಗೈಯಲ್ಲಿರುವ ಮೊಬೈಲಿನಿಂದ ಶಬ್ದವೂ ರೂಪವೂ ಹಗಲಿರುಳು ಹರಿದುಬರುತ್ತಿವೆ. ಬೆರಳು ತಾಗಿದೊಡನೆ ಅವು ನೂರು ಮನೆಗಳನ್ನು ಮುಟ್ಟುತ್ತವೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ವಾಟ್ಸಾಪಿನಲ್ಲಿ ಹಬ್ಬಿತು. ಆ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರಸ್ಥಳದವರನ್ನು ಕಳ್ಳರೆಂದು ಬಗೆದು ಜನರು ಹೊಡೆದರು; ಹೈದರಾಬಾದಿನ ತರುಣ ಇಂಜಿನಿಯರನೊಬ್ಬನು ಪ್ರಾಣಬಿಟ್ಟನು. ಶರಣರು ದಯಾಧರ್ಮವನ್ನು ಬೋಧಿಸಿದ ಕಲ್ಯಾಣವಿರುವುದೂ ಅದೇ ಜಿಲ್ಲೆಯಲ್ಲಿ!

ಅಂತಹ ಸುದ್ದಿಯನ್ನು ಮುಂದಕ್ಕೆ ಕಳುಹಿಸುವವರು ‘ನಾವು ಯಾರನ್ನೂ ಹೊಡೆದಿಲ್ಲ, ಮಕ್ಕಳ ಹಿತಕ್ಕಾಗಿ ಕಳುಹಿಸಿದೆವು’ ಎನ್ನಬಹುದು. ಕೇರದ ಅಕ್ಕಿಯನ್ನು ಬೇಯಿಸಿ ಭಕ್ತಿಯಿಂದ ಬಡಿಸಿದರೆ ಉಣ್ಣುವವರ ಹಲ್ಲಿಗೆ ಕಲ್ಲು ಸಿಕ್ಕದಿರುವುದೇ? ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಅದು ಹೊರಗಿನ ಕಟ್ಟು. ಒಳಗಿನ ನಿಯಮವನ್ನು ಮನೆಯೂ ಮಠವೂ ಕಲಿಸಬೇಕು.

ವಚನಕ್ಕೆ ಅಂಕಿತವುಂಟು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ತನ್ನ ಮಾತಿಗೆ ಇಷ್ಟದೈವವನ್ನೇ ಸಾಕ್ಷಿಯಾಗಿ ನಿಲ್ಲಿಸುವ ಧೈರ್ಯವದು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಅಂತಹ ಪರಿಶ್ರಮದಿಂದ ಉಳಿದ ನುಡಿಯ ಜೊತೆಗೆ, ಯಾರೋ ಬರೆದ ಸಾಲಿಗೆ ಬಸವಣ್ಣನವರ ಹೆಸರನ್ನು ಅಂಟಿಸಿ ಹಂಚುವುದು ಶರಣದ್ರೋಹವೇ ಸರಿ. ಸಮಗ್ರ ವಚನ ಸಂಪುಟಗಳು ಕೈಗೆಟಕುವಂತಿರುವಾಗ ತೆರೆದು ನೋಡಲು ಆಲಸ್ಯವೇಕೆ?

ಆದುದರಿಂದ ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಕಲಿಸತಕ್ಕದ್ದು: ಇದನ್ನು ನುಡಿದವರಾರು? ಆಧಾರವೆಲ್ಲಿ? ಇದರಿಂದ ಯಾರಿಗೆ ನೋವು? ಉತ್ತರ ದೊರೆಯದಿದ್ದರೆ ಬೆರಳು ತಡೆಯಲಿ. ತಿಳಿಯದೆ ಸುಳ್ಳು ಕಳುಹಿಸಿದ್ದಾದರೆ, ಕಳುಹಿಸಿದ ಕಡೆಗೆಲ್ಲ ‘ಅದು ಸುಳ್ಳು, ತಪ್ಪು ನನ್ನದು’ ಎಂದು ತಿಳಿಸುವುದೇ ಪ್ರಾಯಶ್ಚಿತ್ತ. ಮೊದಲು ತಂದೆತಾಯಿಗಳು ಹಾಗೆ ನಡೆಯಬೇಕು. ಮಕ್ಕಳು ಹಿರಿಯರ ನುಡಿಗಿಂತ ನಡೆಯನ್ನೇ ಕಲಿಯುವರು. ಲಿಂಗದ ಮುಂದೆ ನಿಂತು ಓದಲು ನಾಚುವ ಮಾತನ್ನು ನೆರೆಯವನಿಗೆ ಕಳುಹಿಸದಿರುವುದೇ ಈ ಕಾಲದ ಶಬ್ದಾರ್ಪಣ.