ಅನ್ನದಾನಕ್ಕೆ ಅರಿವಿನ ಹೊಣೆ

ಹಸಿದವರಿಗೆ ಅನ್ನ ಹಾಕುವುದು ಪುಣ್ಯವೆಂಬ ನಂಬಿಕೆಯಲ್ಲಿ ನಮ್ಮ ನಾಡಿನ ಎಲ್ಲ ಪಂಥಗಳೂ ಒಂದಾಗುತ್ತವೆ. ಆದರೆ ಒಳ್ಳೆಯ ಮನಸ್ಸಿನಿಂದ ಬಡಿಸಿದ ಊಟವೇ ಉಂಡವರನ್ನು ಆಸ್ಪತ್ರೆಗೆ ಸೇರಿಸಿದರೆ ಆ ಪುಣ್ಯ ಉಳಿಯುತ್ತದೆಯೇ? ತಿಳಿಯದೆ ಆಯಿತು ಎಂಬ ಸಮಾಧಾನ, ತಿಳಿಯುವ ದಾರಿಯೇ ಇಲ್ಲದಿದ್ದಾಗ ಸಲ್ಲಬಹುದು. ಇಂದು ಆ ದಾರಿ ಇದೆ. ಕೃಷಿ ವಿಜ್ಞಾನ ಕೇಂದ್ರಗಳು ಸ್ವಸಹಾಯ ಸಂಘಗಳಿಗೆ ಹಣ್ಣು, ತರಕಾರಿ ಸಂಸ್ಕರಣೆ ಕಲಿಸುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರದ ‘ಭೋಗ್’ ಯೋಜನೆಯಲ್ಲಿ ಪ್ರಸಾದ ತಯಾರಿಸುವವರಿಗೂ ತರಬೇತಿ ಉಂಟು. ಹೀಗಿರುವಾಗ ಕಲಿಯುವುದೂ ಅನ್ನದಾನದ ಧರ್ಮದೊಳಗೇ ಸೇರುತ್ತದೆ ಎಂಬುದು ನನ್ನ ವಾದ.

ಶ್ರದ್ಧೆಯೊಂದೇ ಏಕೆ ಸಾಲದು ಎಂಬುದಕ್ಕೆ ಅನ್ನವೇ ಸಾಕ್ಷಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಕುದಿಸಿದರೂ ಉಳಿಯಬಲ್ಲವು. ಮಧ್ಯಾಹ್ನದ ಅನ್ನವನ್ನು ಕೊಪ್ಪರಿಗೆಯಲ್ಲೇ ಮುಚ್ಚಿಟ್ಟರೆ ನಡುವಿನ ರಾಶಿ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಆ ಬೀಜಾಣುಗಳು ಮೊಳೆತು ವಿಷ ಕಾರುವುದು ಅಲ್ಲೇ. ವಾಂತಿ ತರಿಸುವ ಆ ವಿಷ ರಾತ್ರಿ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಮೂಗಿಗೆ ವಾಸನೆಯೂ ಬಡಿಯದಿರಬಹುದು. ಅನ್ನವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಡಬೇಕು, ಇಲ್ಲವೇ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಇಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ನಮ್ಮ ಅಜ್ಜಿಯರು ಯಾವ ತರಗತಿಗೂ ಹೋಗದೆ ವರ್ಷಗಟ್ಟಲೆ ಉಪ್ಪಿನಕಾಯಿ ಕೆಡದಂತೆ ಇಡಲಿಲ್ಲವೇ ಎಂದು ಕೇಳುವವರಿದ್ದಾರೆ. ಇಟ್ಟರು, ಅವರ ಜಾಣ್ಮೆ ದೊಡ್ಡದು. ಮಿಡಿಯ ಹುಳಿ, ಧಾರಾಳ ಉಪ್ಪು, ಒದ್ದೆ ಸೌಟು ಸೋಕಿಸಬಾರದೆಂಬ ಕಟ್ಟುನಿಟ್ಟು ಭರಣಿಯನ್ನು ಕಾಯುತ್ತಿದ್ದವು. ಆದರೆ ನಿಯಮ ಮಾತ್ರ ಉಳಿದು ಕಾರಣ ಮರೆತರೆ ಅಪಾಯ. ಎಣ್ಣೆ ಮೇಲೆ ನಿಂತರೆ ಸಾಕೆಂದು ನಂಬಿ, ಹುಳಿಯಿಲ್ಲದ ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಬೂಷ್ಟು ಬರದಿರಬಹುದು. ಬಾಟುಲಿಸಂ ತರುವ ಜೀವಿಗೆ ಮಾತ್ರ ಗಾಳಿಯಾಡದ ಆ ಜಾಗವೇ ಹಿತ. ಅದನ್ನು ತಡೆಯುವುದು ಹುಳಿ, ಅಂದರೆ 4.6ಕ್ಕಿಂತ ಕಡಿಮೆ ಪಿಎಚ್. ಉಪ್ಪು ಕಡಿಮೆ ಮಾಡಿ ಹೊಸ ರುಚಿ ಹುಡುಕುವ ಇಂದಿನ ಅಡುಗೆಮನೆಗೆ ಅಜ್ಜಿಯ ನಿಯಮದ ಜೊತೆಗೆ ಅದರ ಕಾರಣವೂ ಬೇಕು.

ಮಡಿಯಿಂದ ಮಾಡಿದ ನೈವೇದ್ಯ ಕೆಡುಕು ಮಾಡದು ಎಂಬುದು ಇನ್ನೊಂದು ಆಕ್ಷೇಪ. ಮಡಿಯಲ್ಲಿ ಸ್ನಾನ, ಒಗೆದ ಬಟ್ಟೆಯಂಥ ಒಳ್ಳೆಯ ಶಿಸ್ತಿದೆ, ನಿಜ. ಆದರೆ ಅದು ಅಡುಗೆಯವರ ಹುಟ್ಟನ್ನು ಕೇಳಿದಷ್ಟು ಕೈಬೆರಳಿನ ಗಾಯವನ್ನು ಕೇಳಲಿಲ್ಲ. ಕೀವಾದ ಗಾಯದಿಂದ ಸ್ಟ್ಯಾಫಿಲೊಕಾಕಸ್ ಊಟಕ್ಕೆ ದಾಟಲು ಯಾವ ಕುಲವೂ ಅಡ್ಡಿಯಲ್ಲ. ತರಬೇತಿಯಲ್ಲಿ ಎಲ್ಲರ ಕೈಗೂ ಒಂದೇ ಸಾಬೂನು, ಒಂದೇ ಪರೀಕ್ಷೆ. ಶುದ್ಧಿಯನ್ನು ಜನ್ಮದಿಂದ ಬಿಡಿಸಿ ನಡತೆಗೆ ಕಟ್ಟುವ ಕೆಲಸ ಇದು. ಅಡುಗೆ ಹೆಂಗಸರದೇ ಹೊಣೆ ಎಂಬುದೂ ಹುಟ್ಟಿಗೆ ಕಟ್ಟಿದ ಮಾತೇ, ಹಾಗಾಗಿ ಗಂಡಸರೂ ಆ ತರಬೇತಿಯಲ್ಲಿ ಕೂರಬೇಕು.

ತೈತ್ತಿರೀಯ ಉಪನಿಷತ್ತಿನ ಭೃಗು ಅನ್ನವೇ ಬ್ರಹ್ಮವೆಂದು ತಿಳಿದ ಮೇಲೂ ವಿಚಾರ ನಿಲ್ಲಿಸದೆ ಮತ್ತೆ ತಪಸ್ಸಿಗೆ ತೊಡಗುತ್ತಾನೆ. ಅನ್ನವನ್ನು ದೇವರೆಂದು ಕೈಮುಗಿಯುವ ನಾವು ಅದರ ಗುಣವನ್ನು ಅರಿಯುವ ಶ್ರಮದಿಂದ ತಪ್ಪಿಸಿಕೊಳ್ಳಬಾರದು. ಬಡಿಸುವ ಅಧಿಕಾರ ಆ ಶ್ರಮದಿಂದಲೇ ಬರುತ್ತದೆ.