ಒಬ್ಬರ ಕಷ್ಟಕ್ಕೆ ಎಲ್ಲರೂ ಹೊಣೆ



ಕೊರೊನಾ ಕಾಲದಲ್ಲಿ ‘ದೇವರು ಯಾಕ ಹಿಂಗ ಮಾಡಿದ?’ ಎಂದು ಕಣ್ಣೀರಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ದುಡಿಯುವ ಮಗನನ್ನು ಕಳೆದುಕೊಂಡ ತಾಯಿಗೆ ‘ಕರ್ಮಫಲ’ ಎಂದು ಹೇಳುವುದು ಉಪದೇಶವಲ್ಲ, ಕ್ರೌರ್ಯ. ರೋಗ ಯಾಕೆ ಬಂತೆಂದು ಕೇಳುತ್ತಾ ಕೂಡುವುದಕ್ಕಿಂತ, ಬಂದು ಹೋದ ಮೇಲೆ ನಾವು ಹೇಗೆ ಬಾಳುತ್ತೇವೆ ಎಂದು ಕೇಳಿಕೊಳ್ಳೋಣ.

ಆ ಪ್ರಶ್ನೆಗೆ ಉತ್ತರ ನಮ್ಮ ಗದಗ ಸೀಮೆಯಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಗಿನ ಧಾರವಾಡ ಜಿಲ್ಲೆ ಬರಕ್ಕೂ ಪ್ಲೇಗಿಗೂ ತತ್ತರಿಸಿತ್ತು. ಅದಾದ ಕೆಲವೇ ವರ್ಷಗಳಲ್ಲಿ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯಿದೆಯ ಪ್ರಕಾರ ಹಳ್ಳಿಯ ಪತ್ತಿನ ಸಂಘದ ಸಾಲಕ್ಕೆ ಸಾಮಾನ್ಯವಾಗಿ ಎಲ್ಲ ಸದಸ್ಯರೂ ಹೊಣೆಯಾಗಿದ್ದರು. ಒಬ್ಬ ತೀರಿಸದಿದ್ದರೆ ಉಳಿದವರ ಹೊಲ-ಮನೆಗೂ ಕುತ್ತು. ಅದನ್ನು ತಿಳಿದೇ ಆ ರೈತರು ಒಬ್ಬರಿಗೊಬ್ಬರು ಹೆಗಲು ಕೊಟ್ಟರು. ಶರಣರ ದಾಸೋಹ ಅಲ್ಲಿ ಲೆಕ್ಕದ ಪುಸ್ತಕಕ್ಕೂ ಇಳಿಯಿತು.

ಕೊರೊನಾ ಬಂದಾಗ ನಾವೇನು ಮಾಡಿದೆವು? 2020ರ ಮಾರ್ಚ್‌ನಲ್ಲಿ ಎಷ್ಟೋ ಹಳ್ಳಿಗಳವರು ಅಗಸಿಗೆ ಜಾಲಿಮುಳ್ಳು ಹಚ್ಚಿದರು. ಗುಳೆ ಹೋಗಿ ಮರಳಿದ ಸ್ವಂತ ಊರಿನವರೇ ಮುಳ್ಳಿನಾಚೆ ನಿಂತರು. ಮನೆ ಮನೆಗೆ ಬಂದು ಜ್ವರ ಕೇಳಿದ ಆಶಾ ಕಾರ್ಯಕರ್ತೆ ತಾಯಂದಿರ ಮುಖದ ಮೇಲೆ ಬಾಗಿಲು ಬಿದ್ದವು. ಗದಗ-ಬೆಟಗೇರಿಯ ನೇಕಾರರ ಮಗ್ಗ ನಿಂತಾಗ ಅವರ ಒಲೆ ಉರಿಯಿತೇ ಎಂದು ಕೇಳಿದವರು ಕಡಿಮೆ.

ಒಳ್ಳೆಯದೂ ನಡೆಯಿತು. ಅದೇ ಬೇಸಿಗೆಯಲ್ಲಿ, ಮರಳಿ ಬಂದವರು ಊರವರ ಜೊತೆ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿ ಬದು ಹಾಕಿದರು. ಆಗ ದಿನಕ್ಕೆ 275 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕಾಯಕಕ್ಕೆ ಮೇಲು-ಕೀಳಿಲ್ಲವೆಂದು ನಾವು ಬಾಯಲ್ಲಿ ಹೇಳುತ್ತಾ ಬಂದದ್ದು ಆ ಹೊಲದಲ್ಲಿ ಕಂಡಿತು.

ಬಂಧುಗಳೇ, ಭಯ ಹೋಗಿದೆ, ಹೊಣೆ ಹೋಗಿಲ್ಲ. ನಿಮ್ಮ ಓಣಿಯಲ್ಲಿ ಕೊರೊನಾದಿಂದ ವಿಧವೆಯಾದವರು ಯಾರು, ತಂದೆ-ತಾಯಿ ಇಲ್ಲದ ಮಕ್ಕಳು ಯಾರು, ಆಸ್ಪತ್ರೆಯ ಸಾಲ ಇನ್ನೂ ತೀರಿಸುತ್ತಿರುವವರು ಯಾರು ಎಂದು ಈ ವಾರವೇ ವಿಚಾರಿಸಿರಿ. ಹತ್ತು ಮನೆಯವರು ಕೂಡಿ ಅವರಿಗಾಗಿ ತಿಂಗಳಿಗಿಷ್ಟು ಹಣ ಎತ್ತಿಡಿರಿ. ಆ ಮಕ್ಕಳ ಶಾಲೆ ನಿಲ್ಲದಂತೆ ನೋಡಿಕೊಳ್ಳಿರಿ. ಆಶಾ ತಾಯಿ, ಪೌರಕಾರ್ಮಿಕರು ಬಂದರೆ ಒಳಗೆ ಕರೆದು ನೀರು ಕೊಡಿರಿ. ಹೊಣೆ ಹೊರದ ಭಕ್ತಿ ಶಿವನಿಗೆ ಸಲ್ಲದು. ಇಂದೇ ಆರಂಭಿಸಿರಿ.